ಲಾಲ್‌ಬಾಗ್‌ನಲ್ಲಿ ಹಗ್ಗಕ್ಕೆ ಕಟ್ಟಿದಂತೆ ಕಾಯಿ ನೇತಾಡುವ ಮರ ಯಾವುದು?

ಪ್ರಶ್ನೆ: ಉದ್ದನೆಯ ತೊಟ್ಟು, ತುದಿಯಲ್ಲಿ ಸೋರೆಕಾಯಿಯಂಥ ಬೂದು ಬಣ್ಣದ ಕಾಯಿ. ಗಿಡ ಗುರುತಿಸುವ ಆ್ಯಪ್ ಒಮ್ಮೆ ನಾಗಲಿಂಗ ಎನ್ನುತ್ತದೆ, ಇನ್ನೊಮ್ಮೆ ಕ್ಯಾಲಬಾಷ್. ಇರುವುದು ಕಾಯಿಯ ಫೋಟೊ ಮಾತ್ರ.

ಉತ್ತರ 1: ಇದು ಆನೆ ತೊರಡುಕಾಯಿ ಮರ, ವೈಜ್ಞಾನಿಕ ಹೆಸರು ಕೈಜೀಲಿಯ ಆಫ್ರಿಕಾನ. ಮೂಲ ಆಫ್ರಿಕಾ. ನಾಗಲಿಂಗವಂತೂ ಅಲ್ಲ: ಅದರ ಕಾಯಿ ಫಿರಂಗಿ ಗುಂಡಿನಂತೆ ದುಂಡಗೆ, ಕಾಂಡದಿಂದಲೇ ಹೊರಡುವ ಕವಲುಗಳಲ್ಲಿ ಬಿಡುತ್ತದೆ. ಕ್ಯಾಲಬಾಷ್ ಕಾಯಿಯೂ ದುಂಡಗೇ, ಹಸಿರು, ಎಲೆ ಕಿರುಎಲೆಗಳಾಗಿ ಒಡೆಯದ ಸರಳ ಎಲೆ. ತೊರಡುಕಾಯಿಯದು ಸಂಯುಕ್ತ ಎಲೆ, ಒಂದೇ ದಂಟಿನ ಎರಡೂ ಬದಿಗೆ ಒರಟು ಕಿರುಎಲೆಗಳು. ಕಾಯಿ ಅರ್ಧ ಮೀಟರ್ ದಾಟುತ್ತದೆ, ಐದಾರು ಕಿಲೊ ತೂಗುತ್ತದೆ. ದಯವಿಟ್ಟು ಅದರ ಕೆಳಗೆ ನಿಲ್ಲಬೇಡಿ. ಹಸಿ ಕಾಯಿ ವಿಷಕಾರಿ, ರುಚಿ ನೋಡಲೂಬಾರದು.

ಉತ್ತರ 2: ಹೂವಿನಿಂದಲೂ ಖಚಿತಪಡಿಸಿಕೊಳ್ಳಬಹುದು. ಕಡುಗೆಂಪು ಬಟ್ಟಲಿನಂಥ ಹೂ ರಾತ್ರಿ ಅರಳುತ್ತದೆ, ಬಾವಲಿಗಳು ಪರಾಗಸ್ಪರ್ಶ ಮಾಡುತ್ತವೆ. ಬೆಳಿಗ್ಗೆ ಬೇಗ ಹೋದರೆ ಬುಡದಲ್ಲಿ ಉದುರಿದ ಹೂ ಸಿಗುತ್ತದೆ. ಜಕರಂಡ, ಟಬೆಬುಯಾಗಳದೇ ಕುಟುಂಬ.

ಉತ್ತರ 3: ಆ್ಯಪ್ ಎಡವುವುದು ಒಂದೇ ಫೋಟೊ ಕೊಟ್ಟಾಗ. ಮುಂದಿನ ಸಲ ಇಡೀ ಮರ, ತೊಗಟೆ, ಎಲೆಯ ಎರಡೂ ಮೈ, ಮುಖ್ಯವಾಗಿ ಎಲೆ ರೆಂಬೆಗೆ ಕೂಡುವ ಜಾಗ ತೆಗೆಯಿರಿ. ಎಲೆಗಳು ಎದುರುಬದುರೋ ಒಂದಾದ ಮೇಲೊಂದೋ ಎಂಬುದರಿಂದಲೇ ಎಷ್ಟೋ ಕುಟುಂಬಗಳು ಪಟ್ಟಿಯಿಂದ ಬಿಟ್ಟುಹೋಗುತ್ತವೆ. ಅಳತೆಗೆ ಪಕ್ಕದಲ್ಲಿ ಪೆನ್ ಇಡಿ. ಕೀಳಬೇಡಿ, ಉದುರಿದ್ದೇ ಸಾಕು. ಮರಕ್ಕೆ ಹೆಸರಿನ ಫಲಕವಿದ್ದರೆ ಅದನ್ನೂ ತೆಗೆಯಿರಿ. ಆದರೆ ಫಲಕ ಪಕ್ಕದ ಮರದ್ದಾಗಿರಬಹುದು, ಎಲೆ ಜೊತೆ ಹೋಲಿಸಿ ನೋಡಿ.