ದೇವರು ಹುಟ್ಟೋದೇ ಇಲ್ಲವಂತೆ ಅಂತಾನೆ ಮಗ. ಏನು ಹೇಳಲಿ?

ಬ್ರಾಂಪ್ಟನ್‌ನ ಅಮ್ಮ:
ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಒಂಬತ್ತು ವರ್ಷ. ಅವನ ಜೀವದ ಗೆಳೆಯ ಸಿಖ್ ಹುಡುಗ. ಶನಿವಾರ ಸಂಜೆ ಅವರ ಮನೆಯವರ ಜೊತೆ ಗುರುದ್ವಾರಕ್ಕೆ ಹೋಗಿದ್ದ. ಬಂದವನೇ, "ದೇವರಿಗೆ ಹುಟ್ಟೂ ಇಲ್ಲ, ರೂಪಾನೂ ಇಲ್ಲವಂತೆ. ಮತ್ತೆ ನಾವ್ಯಾಕೆ ಕೃಷ್ಣ ಹುಟ್ಟಿದ ಹಬ್ಬ ಮಾಡ್ತೀವಿ?" ಅಂದ. ಅಲ್ಲಿ ರಾತ್ರಿ ಗ್ರಂಥಕ್ಕೆ ಬಟ್ಟೆ ಸುತ್ತಿ, ತಲೆ ಮೇಲೆ ಹೊತ್ತು, ಮಲಗಿಸೋ ಕೋಣೆಗೆ ಕರೆದುಕೊಂಡು ಹೋದರಂತೆ. "ರೂಪ ಇಲ್ಲ ಅಂದ ಮೇಲೆ ಪುಸ್ತಕ ಯಾಕೆ ಮಲಗಿಸ್ತಾರೆ?" ಅಂತ ಅದೂ ಕೇಳಿದ. ದಿನಾ ಪೂಜೆ ಮಾಡುವ ನಮ್ಮ ಅತ್ತೆಗೆ ಬೇಜಾರಾಗಿದೆ. ಗೊತ್ತಿದ್ದವರು ಹೇಳಿ.

ಬೀದರಿನವರು, ಈಗ ಸರ್ರೆ:
ನಾನು ಬೆಳೆದದ್ದು ನಾನಕ್ ಝೀರಾ ಗುರುದ್ವಾರದ ಹತ್ತಿರ. ಮಗ ಸರಿಯಾಗಿಯೇ ಕೇಳಿಸಿಕೊಂಡಿದ್ದಾನೆ. ಸಿಖ್ಖರ ಧರ್ಮಗ್ರಂಥ ಗುರು ಗ್ರಂಥ ಸಾಹಿಬ್ ಶುರುವಾಗುವುದೇ ಮೂಲ ಮಂತ್ರದಿಂದ. ದೇವರು ಒಬ್ಬನೇ, ಎಲ್ಲವನ್ನೂ ಮಾಡಿದವನು, ಅವನಿಗೆ ಭಯವಿಲ್ಲ, ಹಗೆಯಿಲ್ಲ, ಸಾವಿಲ್ಲ, ಹುಟ್ಟೂ ಇಲ್ಲ. ಹಾಗಾಗಿ ರಾಮ, ಕೃಷ್ಣರನ್ನು ದೇವರ ಅವತಾರ ಅಂತ ಅವರು ಪೂಜಿಸುವುದಿಲ್ಲ. ಆದರೆ ರಾಮ, ಹರಿ ಅನ್ನುವ ಹೆಸರು ಆ ಗ್ರಂಥದ ತುಂಬಾ ಇದೆ. ಅಲ್ಲಿ ಕರೆಯುವುದು ಆ ರೂಪವಿಲ್ಲದ ಒಬ್ಬನನ್ನೇ. ಪಂಢರಪುರದ ವಿಠಲನ ಭಕ್ತ ನಾಮದೇವರ ಪದಗಳೂ ಅದರಲ್ಲಿವೆ.

ಗ್ರಂಥ ಅವರಿಗೆ ದೇವರಲ್ಲ, ಗುರು. 1708ರಲ್ಲಿ ನಾಂದೇಡ್‌ನಲ್ಲಿ ಸಿಖ್ಖರ ಹತ್ತನೇ ಗುರು ಗೋಬಿಂದ್ ಸಿಂಗ್ ಇನ್ನು ಮುಂದೆ ಗ್ರಂಥವೇ ಗುರು ಎಂದರು. ಗುರುವಿಗೆ ಕೊಡುವ ಮರ್ಯಾದೆ ಅದು.

ನಮ್ಮ ಹಿಂದೂಗಳಲ್ಲಿ ಒಂದೇ ಉತ್ತರ ಇಲ್ಲ. ಶಂಕರರ ದಾರಿಯಲ್ಲಿ ಕೊನೆಗೆ ಉಳಿಯುವುದು ಗುಣ, ರೂಪ ಇಲ್ಲದ ಬ್ರಹ್ಮ. ಮಧ್ವರ ದಾರಿಯಲ್ಲಿ ವಿಷ್ಣು ಎಲ್ಲ ಒಳ್ಳೆಯ ಗುಣಗಳಿಂದ ತುಂಬಿದವನು. ಜೀವ ಎಂದೂ ದೇವರಾಗುವುದಿಲ್ಲ. ಅವತಾರ ಅಂದರೆ ನಮ್ಮ ಹಾಗೆ ಕರ್ಮಕ್ಕೆ ಸಿಕ್ಕಿ ಹುಟ್ಟುವುದಲ್ಲ, ದೇವರು ತಾನಾಗಿ ಇಳಿದು ಬರುವುದು ಅಂತ ಹೇಳಿ. ಒಂಬತ್ತು ವರ್ಷದ ಮಗುವಿಗೆ ಇಷ್ಟು ಅರ್ಥವಾಗುತ್ತದೆ.

ನ್ಯೂಜೆರ್ಸಿಯ ಹಿರಿಯರು:
ಇಷ್ಟೆಲ್ಲ ಯಾಕೆ? ಸಿಖ್ಖರೂ ಹಿಂದೂಗಳೇ. ಸಂವಿಧಾನದ 25ನೇ ವಿಧಿ ನೋಡಿ. ಈ ಗುಂಪಿನಲ್ಲಿ ಎಷ್ಟು ಸಲ ಹೇಳಿದ್ದೇನೆ, ಸಂಜೆ ದೀಪ ಹಚ್ಚಿ ಮಕ್ಕಳನ್ನು ಭಜನೆಗೆ ಕೂರಿಸಿ. ನನ್ನ ಮಗ ವಿಷ್ಣು ಸಹಸ್ರನಾಮ ಬಾಯಿಪಾಠ ಹೇಳುತ್ತಾನೆ. ಇಂಥ ಗೊಂದಲ ನಮ್ಮ ಮನೆಯಲ್ಲಿ ಬಂದೇ ಇಲ್ಲ.

ಸೌತಾಲ್‌ನಿಂದ:
ಸರ್, ಆ ವಿಧಿಯಲ್ಲಿ ಸಿಖ್ಖರ ಹೆಸರು ಬರುವುದು ಹಿಂದೂ ಧಾರ್ಮಿಕ ಸಂಸ್ಥೆಗಳನ್ನು ಎಲ್ಲ ವರ್ಗದವರಿಗೂ ತೆರೆಯುವ ವಿಷಯದಲ್ಲಿ. ದೇವರ ವಿಷಯದಲ್ಲಲ್ಲ. ನಮ್ಮ ಬೀದಿಯಲ್ಲಿ ಅರ್ಧ ಮನೆ ಸಿಖ್ಖರದ್ದು. "ನೀವೂ ಹಿಂದೂಗಳೇ" ಅಂದರೆ ಅವರಿಗೆ ನೋವಾಗುತ್ತದೆ. ದಯವಿಟ್ಟು ಆ ಮಗುವಿನ ಬಾಯಲ್ಲಿ ಇದನ್ನು ಹೇಳಿಸಬೇಡಿ.

ನ್ಯೂಜೆರ್ಸಿಯ ಹಿರಿಯರು:
ನೋವು ಯಾಕಾಗಬೇಕು? 1699ರಲ್ಲಿ ಗುರು ಗೋಬಿಂದ್ ಸಿಂಗ್ ಮೊದಲು ದೀಕ್ಷೆ ಕೊಟ್ಟ ಐವರಲ್ಲಿ, ಅಂದರೆ ಪಂಜ್ ಪ್ಯಾರೆಯಲ್ಲಿ, ಭಾಯಿ ಸಾಹಿಬ್ ಸಿಂಗ್ ನಮ್ಮ ಬೀದರಿನವರೇ. ನಾವೆಲ್ಲ ಒಂದೇ ಬೇರಿನವರು. ನಾವೇ ಭೇದ ಎಣಿಸಿದರೆ ಮಕ್ಕಳು ಎರಡನ್ನೂ ಬಿಡುತ್ತಾರೆ.

ಸಿಡ್ನಿಯಿಂದ:
ಅದೇನೋ ಗೊತ್ತಿಲ್ಲ. ಇಲ್ಲಿ ಗುರುದ್ವಾರದಲ್ಲಿ ವಾರಾಂತ್ಯ ಮಕ್ಕಳಿಗೆ ಪಂಜಾಬಿಯ ಲಿಪಿ ಗುರುಮುಖಿ ಕಲಿಸುತ್ತಾರೆ. ನನ್ನ ಮಗಳಿಗೆ ಈಗ ಇಪ್ಪತ್ತು. ಅಜ್ಜಿ ಕನ್ನಡದಲ್ಲಿ ಬರೆದ ಕಾಗದ ಓದೋಕೆ ಬರುವುದಿಲ್ಲ. ಆಗ ನೈಟ್ ಶಿಫ್ಟ್ ಮಾಡುತ್ತಿದ್ದೆ, ಕೂತು ಕಲಿಸೋಕೆ ಆಗಲಿಲ್ಲ. ಮಗ ಪ್ರಶ್ನೆ ಕೇಳುತ್ತಿದ್ದಾನಲ್ಲ, ಅದೇ ಪುಣ್ಯ.

ಬ್ರಾಂಪ್ಟನ್‌ನ ಅಮ್ಮ:
ಬೀದರಿನವರು ಹೇಳಿದ್ದನ್ನು ಅತ್ತೆಗೆ ಓದಿ ಹೇಳಿದೆ. ನಾಮದೇವರ ಪದ ಅಲ್ಲಿದೆ ಅಂದಾಗ ಅವರಿಗೇ ಗುರುದ್ವಾರ ನೋಡಬೇಕು ಅನ್ನಿಸಿದೆ. ಈರುಳ್ಳಿ, ಬೆಳ್ಳುಳ್ಳಿ ತಿನ್ನುವುದಿಲ್ಲ, ಅಲ್ಲಿ ಊಟ ಹೇಗೆ?

ಬೀದರಿನವರು, ಈಗ ಸರ್ರೆ:
ಲಂಗರ್‌ನಲ್ಲಿ, ಅಂದರೆ ಗುರುದ್ವಾರದಲ್ಲಿ ಎಲ್ಲರಿಗೂ ಬಡಿಸುವ ಊಟದಲ್ಲಿ, ಮಾಂಸ ಇರುವುದಿಲ್ಲ. ಆದರೆ ದಾಲ್, ಪಲ್ಯಕ್ಕೆ ಈರುಳ್ಳಿ ಹಾಕಿರುತ್ತಾರೆ. ರೊಟ್ಟಿ, ಖೀರು ತೆಗೆದುಕೊಳ್ಳಲಿ. ಒಳಗೆ ಹೋಗುವಾಗ ತಲೆಗೆ ಸೆರಗು ಹಾಕಿಕೊಂಡರೆ ಸಾಕು.