ಗೆಳತಿಯ ನಾಯಿಗೆ ಕಿಡ್ನಿ ಕಾಯಿಲೆ, ಅವಳ ಹತ್ತಿರ ಏನಂತ ಮಾತಾಡಲಿ?

ಗುಂಡನ ಅಮ್ಮ

ನಾನು ಮತ್ತು ಒಬ್ಬ ಗೆಳತಿ ನಾಲ್ಕು ವರ್ಷದಿಂದ ದಿನಾ ಬೆಳಿಗ್ಗೆ ಒಟ್ಟಿಗೆ ನಾಯಿಗಳನ್ನು ವಾಕಿಂಗ್ ಕರೆದುಕೊಂಡು ಹೋಗುತ್ತಿದ್ದೆವು. ನನ್ನದು ಗುಂಡ, ಐದು ವರ್ಷ. ಅವಳದು ಜಿಮ್ಮಿ, 13 ವರ್ಷದ ಲ್ಯಾಬ್ರಡಾರ್ ಹೆಣ್ಣು. ನಮ್ಮಿಬ್ಬರ ಗೆಳೆತನ ಶುರುವಾಗಿದ್ದೇ ಈ ಎರಡು ನಾಯಿಗಳಿಂದ. ಮೊದಮೊದಲು ಅವಳ ಹೆಸರೂ ನನಗೆ ಗೊತ್ತಿರಲಿಲ್ಲ. ಫೋನಿನಲ್ಲಿ 'ಜಿಮ್ಮಿ ಅಮ್ಮ' ಅಂತ ಸೇವ್ ಮಾಡಿಕೊಂಡಿದ್ದೆ, ಈಗಲೂ ಹಾಗೇ ಇದೆ.

ಒಂದೂವರೆ ತಿಂಗಳ ಹಿಂದೆ ಜಿಮ್ಮಿ ತುಂಬಾ ನೀರು ಕುಡಿಯುತ್ತಿದ್ದಾಳೆ, ರಾತ್ರಿ ತಡೆಯಲಾಗದೆ ಮನೆಯೊಳಗೇ ಮೂತ್ರ ಮಾಡುತ್ತಿದ್ದಾಳೆ ಅಂತ ಡಾಕ್ಟರ್ ಹತ್ತಿರ ತೋರಿಸಿದಳು. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಲ್ಮಶ) 4.2 ಬಂತು. ಕಿಡ್ನಿ ಕಾಯಿಲೆ, ಮೂರನೇ ಹಂತ ಅಂದರಂತೆ. ಈಗ ಮನೆಯಲ್ಲೇ ದಿನ ಬಿಟ್ಟು ದಿನ ಚರ್ಮದ ಕೆಳಗೆ ಡ್ರಿಪ್ ಕೊಡುತ್ತಿದ್ದಾಳೆ.

ನಾನು ಮಾಡಿದ ತಪ್ಪು ಹೇಳುತ್ತೇನೆ. ಸುದ್ದಿ ಕೇಳಿದ ದಿನ ನನ್ನ ಬಾಯಿಂದ ಬಂದ ಮೊದಲ ಮಾತು "13 ವರ್ಷ ಚೆನ್ನಾಗಿ ಬಾಳಿದ್ದಾಳೆ ಅಲ್ವಾ" ಅಂತ. ಅವಳು ಸುಮ್ಮನಾಗಿಬಿಟ್ಟಳು. ಆಮೇಲೆ ಅದನ್ನು ಸರಿ ಮಾಡೋಣ ಅಂತ ಎಲ್ಲೆಲ್ಲೋ ಓದಿದ ಮನೆಮದ್ದು, ಬೇರೆ ಡಾಕ್ಟರ್, ಬೇರೆ ಆಹಾರ ಅಂತ ದಿನಕ್ಕೆ ನಾಲ್ಕೈದು ಮೆಸೇಜ್ ಕಳಿಸಿದೆ. ಈಗ ಎರಡು ವಾರದಿಂದ ಅವಳು ವಾಕಿಂಗಿಗೆ ಬರುತ್ತಿಲ್ಲ. ಮೆಸೇಜಿಗೆ ಒಂದು ಕೈಮುಗಿಯುವ ಚಿತ್ರ ಅಷ್ಟೇ ಬರುತ್ತದೆ.

ನಾನು ಇದುವರೆಗೆ ಯಾವ ನಾಯಿಯನ್ನೂ ಕಳೆದುಕೊಂಡಿಲ್ಲ. ಅದಕ್ಕೇ ಕೇಳುತ್ತಿದ್ದೇನೆ. ಅವಳ ಮನೆಗೆ ಹೋಗಲಾ, ಒಂಟಿಯಾಗಿ ಬಿಡಲಾ? ಹೋದರೆ ಏನು ಮಾತಾಡಲಿ? ಓಡಾಡಿಕೊಂಡು ಚೆನ್ನಾಗಿರುವ ಗುಂಡನನ್ನು ಅವಳ ಕಣ್ಣೆದುರು ಕರೆದುಕೊಂಡು ಹೋದರೆ ನೋವಾಗುತ್ತದಾ?

ಕಪ್ಪು ಮೂಗು

ಹೋಗಿ ಅಕ್ಕ. ಇವತ್ತೇ ಹೋಗಿ.

ಎರಡು ವರ್ಷದ ಹಿಂದೆ ನಮ್ಮ ಬ್ರೂನೋ ಹೋದ. ಗುಲ್ಮದಲ್ಲಿ (ಸ್ಪ್ಲೀನ್) ಗೆಡ್ಡೆ ಇತ್ತು, ಅದು ಒಡೆದು ಹೊಟ್ಟೆಯೊಳಗೆ ರಕ್ತ ತುಂಬಿಕೊಳ್ಳುವವರೆಗೂ ನಮಗೆ ಒಂದು ಸುಳಿವೂ ಸಿಗಲಿಲ್ಲ. ಬೆಳಿಗ್ಗೆ ಚೆಂಡು ಹಿಡಿದುಕೊಂಡು ಬಂದವನು ಸಂಜೆ ಇಲ್ಲ. ಆಮೇಲೆ ಜನ ಹೇಳಿದ ಮಾತುಗಳು ಒಂದೊಂದೂ ನೆನಪಿವೆ. 'ಇನ್ನೊಂದು ಮರಿ ತಂದುಬಿಡಿ.' 'ನರಳದೆ ಹೋದ, ಪುಣ್ಯ ಮಾಡಿದ್ದ.' ಯಾರೂ ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ಅದು ಆಗಲೂ ಗೊತ್ತಿತ್ತು. ಆದರೂ ಪ್ರತಿಯೊಂದು ಮಾತೂ 'ಅಳು ನಿಲ್ಲಿಸು' ಅಂತಲೇ ಕೇಳಿಸುತ್ತಿತ್ತು. ನೀವು ಹೇಳಿದ 13 ವರ್ಷದ ಮಾತೂ ಅವರಿಗೆ ಹಾಗೇ ಕೇಳಿಸಿರಬೇಕು. ಜಿಮ್ಮಿ ಇನ್ನೂ ಇದ್ದಾಳೆ, ನೀವು ಆಗಲೇ ಲೆಕ್ಕ ಮುಗಿಸಿದ ಹಾಗೆ. ಬೇಜಾರು ಮಾಡಿಕೊಳ್ಳಬೇಡಿ, ನಾನೂ ನನ್ನ ನಾಯಿ ಹೋಗುವ ಮುಂಚೆ ಬೇರೆಯವರಿಗೆ ಇಂಥದ್ದೇ ಹೇಳಿದ್ದೇನೆ.

ನನಗೆ ನೆರವಾಗಿದ್ದು ಯಾರು ಗೊತ್ತಾ? ಒಬ್ಬ ಗೆಳೆಯ. ಮೂರನೇ ದಿನ ಬಂದ, ಹೆಚ್ಚು ಮಾತಾಡಲಿಲ್ಲ. ಬ್ರೂನೋ ಮಲಗುತ್ತಿದ್ದ ಮೂಲೆಯಲ್ಲಿ ಗೋಡೆಗೆ ಮೈ ಒರಗಿಸಿ ಒರಗಿಸಿ ಮೊಳಕಾಲೆತ್ತರಕ್ಕೆ ಒಂದು ಎಣ್ಣೆಗಪ್ಪು ಕಲೆ ಆಗಿದೆ. ಅವನು ಅದರ ಪಕ್ಕ ಕೂತು "ಇಲ್ಲೇ ಅಲ್ವಾ ಅವನು ಒರಗುತ್ತಿದ್ದದ್ದು" ಅಂದ. ಬ್ರೂನೋ ಹೆಸರನ್ನು ಮೂರು ದಿನದಿಂದ ಯಾರೂ ನನ್ನೆದುರು ಎತ್ತಿರಲಿಲ್ಲ, ಎತ್ತಿದರೆ ಅಳುತ್ತೇನೆ ಅಂತ. ಅವತ್ತು ಅತ್ತೆ, ನಿಜ. ಆದರೆ ಅವತ್ತು ರಾತ್ರಿ ಸ್ವಲ್ಪ ನಿದ್ದೆ ಬಂತು. ಆ ಗೋಡೆಗೆ ನಾನು ಇವತ್ತಿಗೂ ಬಣ್ಣ ಹೊಡೆಸಿಲ್ಲ.

ಇನ್ನೊಂದು. 'ಏನಾದರೂ ಬೇಕಾದರೆ ಹೇಳು' ಅನ್ನಬೇಡಿ. ಬೇಕಾದ್ದನ್ನು ಯೋಚಿಸಿ, ಬಾಯಿಬಿಟ್ಟು ಕೇಳುವಷ್ಟು ತ್ರಾಣ ಅವರಿಗಿರಲ್ಲ. 'ಸಂಜೆ ಆರಕ್ಕೆ ಬರುತ್ತೇನೆ, ಡ್ರಿಪ್ ಹಾಕುವಾಗ ಜಿಮ್ಮಿ ತಲೆ ನಾನು ಹಿಡಿದುಕೊಳ್ಳುತ್ತೇನೆ' ಅನ್ನಿ. ಬೇಡ ಅಂದರೆ ವಾಪಸ್ ಬನ್ನಿ, ನಾಲ್ಕು ದಿನ ಬಿಟ್ಟು ಮತ್ತೆ ಕೇಳಿ.

ಹಳೇ ಸ್ಟೆತಸ್ಕೋಪು

ನಾನು ಪ್ರಾಣಿಗಳ ಆಸ್ಪತ್ರೆಯಲ್ಲಿ ಸಹಾಯಕಿ, ಹನ್ನೊಂದು ವರ್ಷದಿಂದ. ಮೇಲಿನವರು ಮನಸ್ಸಿನ ಮಾತು ಹೇಳಿದ್ದಾರೆ, ನಾನು ಕೈಕೆಲಸದ ಮಾತು ಹೇಳುತ್ತೇನೆ.

ಮೊದಲು ಇದನ್ನು ನಿಮ್ಮ ಗೆಳತಿಗೆ ತಲುಪಿಸಿ. ಅವರು ರಾತ್ರಿ ಹೊತ್ತು 'ನಾನು ಮುಂಚೆಯೇ ಯಾಕೆ ಗಮನಿಸಲಿಲ್ಲ' ಅಂತ ಕೊರಗುತ್ತಿರುತ್ತಾರೆ, ನನ್ನ ಅನುಭವದಲ್ಲಿ ಕಿಡ್ನಿ ಕಾಯಿಲೆಯ ನಾಯಿ ಸಾಕಿದವರೆಲ್ಲ ಹೀಗೇ. ಕಿಡ್ನಿ ಕೆಲಸ ಸುಮಾರು ಮೂರರಲ್ಲಿ ಎರಡು ಪಾಲು ಹೋಗುವವರೆಗೆ ನಾಯಿ ಹೊರಗೆ ಏನೂ ತೋರಿಸುವುದಿಲ್ಲ. ಜಾಸ್ತಿ ನೀರು ಕುಡಿಯುವುದೇ ಮೊದಲ ಗುರುತು, ಅದನ್ನು ನೋಡಿದ ಕೂಡಲೇ ಅವರು ಕರೆದುಕೊಂಡು ಹೋಗಿದ್ದಾರೆ. ಅದಕ್ಕಿಂತ ಮುಂಚೆ ಕಣ್ಣಿನಿಂದ ನೋಡಿ ಹೇಳಲು ಯಾರಿಗೂ ಆಗುತ್ತಿರಲಿಲ್ಲ.

ಕ್ರಿಯಾಟಿನಿನ್ 2.9ರಿಂದ 5ರವರೆಗೆ ಮೂರನೇ ಹಂತ, 5 ದಾಟಿದರೆ ನಾಲ್ಕನೆಯದು, ಅದೇ ಕೊನೇ ಹಂತ. 4.2 ಅಂದರೆ ಹಗುರವಾಗಿ ತೆಗೆದುಕೊಳ್ಳುವ ಅಂಕಿ ಅಲ್ಲ, ಹಾಗಂತ ನಾಳೆಯೇ ಮುಗಿಯಿತು ಅಂತಲೂ ಅಲ್ಲ. ಎಷ್ಟು ದಿನ ಅಂತ ಯಾರೂ ಖಡಾಖಂಡಿತ ಹೇಳಲಾರರು, ನೀವಂತೂ ಹೇಳಬೇಡಿ.

ಡ್ರಿಪ್ ಹಾಕಲು ನಾಲ್ಕು ಕೈ ಇದ್ದರೆ ತುಂಬಾ ಸುಲಭ. ಬಾಟಲಿಯನ್ನು ಹತ್ತು ನಿಮಿಷ ಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಇಡಿ, ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಿ. ತಣ್ಣಗಿದ್ದರೆ ನಾಯಿ ಬೆಚ್ಚಿ ಸೂಜಿ ಕಿತ್ತುಹಾಕುತ್ತದೆ. ಭುಜದ ಹತ್ತಿರ ಚರ್ಮ ಡೇರೆಯ ಹಾಗೆ ಮೇಲೆತ್ತಿ ಅದರ ಬುಡಕ್ಕೆ ಸೂಜಿ ಹಾಕುವುದು. ಮುಗಿದ ಮೇಲೆ ಬೆನ್ನ ಮೇಲೆ ಒಂದು ಮೆತ್ತನೆಯ ಗುಬ್ಬು ನಿಲ್ಲುತ್ತದೆ, ಕೆಲವೊಮ್ಮೆ ಇಳಿದು ಮುಂಗಾಲಿಗೆ ಬರುತ್ತದೆ. ಮೊದಲ ಸಲ ನೋಡಿದವರು ಗಾಬರಿಯಾಗುತ್ತಾರೆ, ಆದರೆ ಕೆಲವು ಗಂಟೆಯಲ್ಲಿ ಮೈಗೆ ಇಳಿಯುತ್ತದೆ. ಮುಂದಿನ ಡ್ರಿಪ್ ಹೊತ್ತಿಗೂ ಗುಬ್ಬು ಹಾಗೇ ಇದ್ದರೆ, ಅಥವಾ ನಿದ್ದೆಯಲ್ಲಿ ಉಸಿರು ನಿಮಿಷಕ್ಕೆ 30 ದಾಟುತ್ತಿದ್ದರೆ, ಡ್ರಿಪ್ ಹಾಕದೆ ಡಾಕ್ಟರಿಗೆ ಫೋನ್ ಮಾಡಿ.

ತಿನ್ನಲು ಏನಾದರೂ ತೆಗೆದುಕೊಂಡು ಹೋಗೋಣ ಅನಿಸಿದರೆ ಕೇಳದೆ ಬೇಡ. ಇಂಥ ನಾಯಿಗೆ ರಂಜಕ (ಫಾಸ್ಫರಸ್) ಕಡಿಮೆ ಇರುವ ಆಹಾರ ಹೇಳಿರುತ್ತಾರೆ. ಊಟ ಮೂಸಿ ಮುಖ ತಿರುಗಿಸುವುದು, ಸುಮ್ನೆ ತುಟಿ ನೆಕ್ಕುತ್ತಾ ಕೂರುವುದು ಹಟ ಅಲ್ಲ, ವಾಕರಿಕೆ. ಅದಕ್ಕೆ ಔಷಧಿ ಇದೆ, ಡಾಕ್ಟರನ್ನು ಕೇಳಲು ನೆನಪಿಸಿ. ಮನುಷ್ಯರ ನೋವಿನ ಮಾತ್ರೆ ಮಾತ್ರ ಯಾವ ಕಾರಣಕ್ಕೂ ಬೇಡ. ಐಬುಪ್ರೊಫೆನ್ ಒಳ್ಳೆ ಕಿಡ್ನಿಯನ್ನೇ ಕೆಡಿಸುತ್ತದೆ, ಇನ್ನು ಇವಳ ಗತಿ!

'ಯಾವಾಗ ಸಾಕು ಅನ್ನಬೇಕು' ಅಂತ ಅವರೇ ಕೇಳಿದರೆ ಮಾತ್ರ ಇದನ್ನು ಹೇಳಿ. ಅಲಿಸ್ ವಿಲ್ಲಾಲೋಬೋಸ್ ಅನ್ನುವ ಪಶುವೈದ್ಯೆ ಮಾಡಿಟ್ಟ ಒಂದು ಅಳತೆ ಇದೆ. ನೋವು, ಹಸಿವು, ಮೈಯಲ್ಲಿ ನೀರಿನಂಶ, ಮೈ ಚೊಕ್ಕಟ, ಖುಷಿ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆ ದಿನ ಜಾಸ್ತಿಯೋ ಅನ್ನುವುದು, ಹೀಗೆ ಏಳು. ಒಂದೊಂದಕ್ಕೂ 10ರಲ್ಲಿ ಎಷ್ಟು ಅಂತ ಹಾಕುತ್ತಾ ಹೋಗುವುದು. ನೋವು ಕಡಿಮೆ ಇದ್ದಷ್ಟೂ ಅಂಕ ಜಾಸ್ತಿ. ಒಟ್ಟು 35ರ ಮೇಲಿದ್ದರೆ ಈ ಆರೈಕೆ ಮುಂದುವರಿಸಬಹುದು ಅಂತ.

ಎರಡು ಬಾಲ

ಸ್ಟೆತಸ್ಕೋಪು ಮೇಡಂ ಹೇಳಿದ್ದೆಲ್ಲ ಸರಿ, ಆದರೆ ಆ ಅಂಕಿ ಲೆಕ್ಕ ಎಲ್ಲರಿಗೂ ಆಗಿಬರುವುದಿಲ್ಲ ಅನ್ನುತ್ತೇನೆ. ನಾನು ನಮ್ಮ ಕರಿಯನಿಗೆ ದಿನಾ ಅಂಕ ಹಾಕುತ್ತಾ ಕೂತು ಕೊನೇ ಎರಡು ವಾರ ಅವನ ಮುಖ ನೋಡುವುದನ್ನೇ ಬಿಟ್ಟಿದ್ದೆ. 34 ಬಂದರೆ ಎದೆ ಧಸಕ್ಕೆನ್ನುತ್ತಿತ್ತು, 36 ಬಂದರೆ ಅನುಮಾನ. ಕೊನೆಗೆ ನನ್ನ ತಂಗಿ ಒಂದು ಕ್ಯಾಲೆಂಡರ್ ತಂದು ಗೋಡೆಗೆ ಹಾಕಿದಳು. ಅವನು ಬಾಗಿಲ ತನಕ ಎದ್ದು ಬಂದ ದಿನಕ್ಕೆ ಒಂದು ಸುತ್ತು, ಬಾರದ ದಿನ ಖಾಲಿ. ಖಾಲಿ ಮನೆಗಳು ಸಾಲಾಗಿ ನಿಂತಾಗ ನನಗೆ ಯಾರೂ ಹೇಳಬೇಕಾಗಲಿಲ್ಲ.

ಗುಂಡನ ವಿಷಯ. ನೀವೇ ತೀರ್ಮಾನ ಮಾಡದೆ ಅವರನ್ನು ಕೇಳಿ. ಕೆಲವರಿಗೆ ಬೇರೆ ನಾಯಿ ಮುಟ್ಟಿದರೆ ಸಮಾಧಾನ, ಕೆಲವರಿಗೆ ತಡೆಯಲಾಗದು. ಆದರೆ ಜಿಮ್ಮಿಗೆ ಗುಂಡ ನಾಲ್ಕು ವರ್ಷದ ಜೊತೆಗಾರ, ಅವಳಿಗೂ ಅವನನ್ನು ನೋಡಬೇಕು ಅಂತ ಇರಬಹುದು ಅಲ್ವಾ? ಆಮೇಲೆ ಗುಂಡನ ಮೇಲೂ ಒಂದು ಕಣ್ಣಿಡಿ. 2022ರಲ್ಲಿ ಇಟಲಿಯಲ್ಲಿ ಕನಿಷ್ಠ ಎರಡು ನಾಯಿ ಇದ್ದು ಒಂದನ್ನು ಕಳೆದುಕೊಂಡ 426 ಜನರನ್ನು ಕೇಳಿ ನೋಡಿದ್ದರು. ಉಳಿದ ನಾಯಿಯ ನಡತೆ ಬದಲಾಯಿತು ಅಂದವರೇ ಹೆಚ್ಚು, 86 ಶೇಕಡಾ. ಆಟ ಕಡಿಮೆ, ಊಟ ಕಡಿಮೆ, ನಿದ್ದೆ ಜಾಸ್ತಿ. ಇದು ಒಂದೇ ಮನೆಯ ನಾಯಿಗಳ ಮಾತು, ಆದರೆ ದಿನಾ ಜೊತೆಗೆ ನಡೆದವನಿಗೂ ಏನೂ ಅನಿಸುವುದಿಲ್ಲ ಅಂತ ನನಗಂತೂ ಅನಿಸಲ್ಲ.

ಅವರ ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ನಾಯಿಯ ಸಾವಿಗೆ 'ಮಲಗಿಸಿದರು' ಅನ್ನುವ ಮಾತು ಬೇಡ. ನಮ್ಮ ಮಗ ಅದನ್ನು ಕೇಳಿ ವಾರಗಟ್ಟಲೆ ರಾತ್ರಿ ಮಲಗಲು ಹೆದರಿದ. 'ಸತ್ತುಹೋದ, ಇನ್ನು ಬರುವುದಿಲ್ಲ' ಅಂತ ಹೇಳಿದ ಮೇಲೆ ಅತ್ತ, ಆಮೇಲೆ ಮಲಗಿದ.

ಗುಂಡನ ಅಮ್ಮ

ನಿನ್ನೆ ಹೋಗಿದ್ದೆ. ಮೊದಲು ಮೆಸೇಜ್ ಹಾಕಿದೆ, 'ಆರಕ್ಕೆ ಬರುತ್ತೇನೆ, ತಲೆ ಹಿಡಿದುಕೊಳ್ಳುತ್ತೇನೆ, ಏನೂ ಮಾತಾಡಲ್ಲ' ಅಂತ. ಐದು ನಿಮಿಷದಲ್ಲಿ 'ಗುಂಡನನ್ನೂ ಕರೆದುಕೊಂಡು ಬಾ' ಅಂತ ಉತ್ತರ ಬಂತು.

ಅವಳು ಬಾಟಲಿಯನ್ನು ಪರದೆಯ ಸರಳಿಗೆ ಕಟ್ಟಿದ್ದಳು. ಇಷ್ಟು ದಿನ ಒಬ್ಬಳೇ ಮೊಣಕಾಲಲ್ಲಿ ನಾಯಿಯನ್ನು ತಡೆದುಕೊಂಡು ಸೂಜಿ ಹಾಕುತ್ತಿದ್ದಳಂತೆ. ಬಾಟಲಿ ಬೆಚ್ಚಗೆ ಮಾಡುವುದು ಅವಳಿಗೆ ಗೊತ್ತಿರಲಿಲ್ಲ. ನಿನ್ನೆ ಮಾಡಿದೆವು, ಜಿಮ್ಮಿ ಅಲುಗಾಡಲಿಲ್ಲ. ಗುಂಡ ಪಕ್ಕದಲ್ಲಿ ಗಲ್ಲ ನೆಲಕ್ಕಿಟ್ಟು ಮಲಗಿದ್ದ. ಸ್ಟೆತಸ್ಕೋಪು ಮೇಡಂ, ಮೂರರಲ್ಲಿ ಎರಡು ಪಾಲು ಅಂತ ನೀವು ಹೇಳಿದ್ದನ್ನು ಅವಳಿಗೆ ಹೇಳಿದೆ. ಇನ್ನೊಂದು ಸಲ ಹೇಳು ಅಂದಳು. ಹೇಳಿದೆ. ಮೂರನೇ ಸಲವೂ ಕೇಳಿದಳು.

13 ವರ್ಷದ ಮಾತಿಗೆ ಕ್ಷಮೆ ಕೇಳಿದೆ. "ಬಿಡು, ನೀನು ಬರಲಿಲ್ಲವಲ್ಲ ಅನ್ನುವುದೇ ಜಾಸ್ತಿ ಚುಚ್ಚುತ್ತಿತ್ತು" ಅಂದಳು.

ಮೇಡಂ, ಒಂದು ಕೇಳಬೇಕಿತ್ತು. ದಯಾಮರಣದ ದಿನ ಬಂದರೆ ಜೊತೆಗೆ ಬರುತ್ತೀಯಾ ಅಂತ ಕೇಳಿದಳು. ಒಪ್ಪಿಕೊಂಡಿದ್ದೇನೆ. ಅಲ್ಲಿ ಏನು ನಡೆಯುತ್ತದೆ?

ಹಳೇ ಸ್ಟೆತಸ್ಕೋಪು

ನೀವು ಒಪ್ಪಿಕೊಂಡಿದ್ದು ದೊಡ್ಡ ವಿಷಯ. ಮುಂಚೆಯೇ ತಿಳಿದಿದ್ದರೆ ಅವತ್ತು ಹೆದರಿಕೆ ಕಡಿಮೆ, ಅದಕ್ಕೆ ಮುಚ್ಚಿಡದೆ ಹೇಳುತ್ತೇನೆ.

ಸಾಮಾನ್ಯವಾಗಿ ಮೊದಲು ಮಂಪರು ಬರುವ ಇಂಜೆಕ್ಷನ್ ಕೊಡುತ್ತಾರೆ. ಕೆಲವು ನಿಮಿಷದಲ್ಲಿ ನಾಯಿ ತಲೆ ಕೆಳಗಿಡುತ್ತದೆ. ಹೇಳಬೇಕಾದ್ದನ್ನು ಅಷ್ಟರೊಳಗೆ ಕಿವಿಯಲ್ಲಿ ಹೇಳಲಿ. ಆಮೇಲೆ ರಕ್ತನಾಳಕ್ಕೆ ಅರಿವಳಿಕೆ ಔಷಧಿಯನ್ನು ತುಂಬಾ ದೊಡ್ಡ ಪ್ರಮಾಣದಲ್ಲಿ ಕೊಡುತ್ತಾರೆ, ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಹೃದಯ ನಿಲ್ಲುತ್ತದೆ. ಕಣ್ಣು ಮುಚ್ಚುವುದಿಲ್ಲ, ತೆರೆದೇ ಇರುತ್ತದೆ. ಹೋದ ಮೇಲೂ ಒಂದೆರಡು ಸಲ ಉಸಿರೆಳೆದ ಹಾಗೆ ಆಗಬಹುದು, ಸ್ನಾಯು ಅದುರಬಹುದು, ಮೂತ್ರ ಹೋಗಬಹುದು. ಅದು ಜೀವ ಇದೆ ಅಂತಲ್ಲ, ನೋವು ಅಂತಲೂ ಅಲ್ಲ. ಈ ಒಂದು ಮಾತನ್ನು ಮುಂಚೆಯೇ ಅವರಿಗೆ ಹೇಳಿಡಿ, ಯಾಕೆಂದರೆ ಗೊತ್ತಿಲ್ಲದೆ ನೋಡಿದವರಿಗೆ ಅದು ವರ್ಷಗಟ್ಟಲೆ ಕಣ್ಣಿಗೆ ಕಟ್ಟಿದ ಹಾಗೆ ಇರುತ್ತದೆ.

ಹೂಳುವುದೋ ಸುಡುವುದೋ ಅನ್ನುವುದನ್ನು ಹಿಂದಿನ ದಿನವೇ ಮಾತಾಡಿಕೊಳ್ಳಿ. ದುಡ್ಡು, ಸಹಿ ಎಲ್ಲ ಮೊದಲೇ ಮುಗಿಸಿ. ಬರುವಾಗ ಗಾಡಿ ನೀವು ಓಡಿಸಿ. ಕತ್ತಿನ ಪಟ್ಟಿ ಬಿಚ್ಚಿ ಅವರ ಕೈಗೆ ಕೊಡಿ, ಎಷ್ಟೋ ಸಲ ಅದು ಮೇಜಿನ ಮೇಲೇ ಉಳಿದುಹೋಗುತ್ತದೆ.

ಗುಂಡನ ಅಮ್ಮ

ಐದು ವಾರ ಆಯಿತು. ಜಿಮ್ಮಿ ಹೋದ ಗುರುವಾರ ತೀರಿಕೊಂಡಳು. ಕೊನೇ ವಾರ ಕ್ರಿಯಾಟಿನಿನ್ 7 ದಾಟಿತ್ತು, ನೀರು ಕುಡಿದರೂ ವಾಂತಿ. ಡಾಕ್ಟರ್ ಮನೆಗೇ ಬಂದರು. ತಲೆ ನನ್ನ ತೊಡೆಯ ಮೇಲಿತ್ತು, ಮೂತಿ ಗೆಳತಿಯ ಅಂಗೈಯಲ್ಲಿ. ಉಸಿರು ಒಂದು ಸಲ ಎಳೆದಾಗ ಅವಳು ನನ್ನ ಕಡೆ ನೋಡಿದಳು, ನಾನು ತಲೆ ಆಡಿಸಿದೆ, ಇಬ್ಬರಿಗೂ ಗೊತ್ತಿತ್ತು.

ಪಟ್ಟಿ ಬಿಚ್ಚಿ ಕೊಟ್ಟೆ. ಗುಂಡ ಎರಡು ದಿನ ಅವರ ಗೇಟಿನ ಹತ್ತಿರ ನಿಂತು ಮುಂದೆ ಬರಲು ಒಪ್ಪಲಿಲ್ಲ. ಇವತ್ತು ಅವಳೇ ಮೆಸೇಜ್ ಮಾಡಿದ್ದಾಳೆ. 'ನಾಳೆ ಆರೂವರೆಗೆ ಬರುತ್ತೇನೆ, ಗುಂಡನ ಹಗ್ಗ ನಾನು ಹಿಡಿದುಕೊಳ್ಳಲಾ?'