ಹೊಸದು ಕೊಡಿ, ಹಳೆಯದನ್ನು ಯಾಕೆ ಕಿತ್ತು ಹಾಕ್ತೀರಿ?

ಮಂಡ್ಯ ಮೇಷ್ಟ್ರು: ನಮ್ಮ ಶಾಲೆಯ ಹಳೇ ಕಂಪ್ಯೂಟರ್‌ಗಳಿಗೆ ಪಟ್ಟು ಹಿಡಿದು ಲಿನಕ್ಸ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿಸಿದವನು ನಾನೇ. ಅದಕ್ಕೇ ಈ ಮಾತು ಕೇಳುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ. ಲಿನಕ್ಸ್‌ಗೆ ಪರದೆ, ಕಿಟಕಿ, ಮೆನು ಕೊಡುವ ಡೆಸ್ಕ್‌ಟಾಪ್ ಗ್ನೋಮ್‌ನ ಫೈಲ್ ಮ್ಯಾನೇಜರ್ ನಾಟಿಲಸ್‌ನಲ್ಲಿ ಮೊದಲು ಅಂಕಪಟ್ಟಿ ಫೋಲ್ಡರ್ ತೆರೆದು ‘10’ ಒತ್ತಿದರೆ ಸಾಕಿತ್ತು, ಹತ್ತನೇ ತರಗತಿಯ ಫೋಲ್ಡರ್ ಮೇಲೆ ಹೋಗಿ ನಿಲ್ಲುತ್ತಿತ್ತು. 2012ರ 3.6 ಆವೃತ್ತಿಯಲ್ಲಿ ಅದನ್ನು ತೆಗೆದರು. ಈಗ ಒತ್ತಿದ ತಕ್ಷಣ ಹುಡುಕಾಟ ಶುರು. ಹೆಸರಲ್ಲಿ 10 ಇರುವುದೆಲ್ಲ ಒಳಗಿನ ಫೋಲ್ಡರ್‌ಗಳಿಂದಲೂ ಎದ್ದು ಬಂದು ಸಾಲಾಗಿ ಕೂರುತ್ತದೆ. ಎಫ್3 ಒತ್ತಿ ಒಂದೇ ಕಿಟಕಿಯಲ್ಲಿ ಎರಡು ಫೋಲ್ಡರ್ ಅಕ್ಕಪಕ್ಕ ನೋಡುವುದೂ ಆಗಲೇ ಹೋಯಿತು. ಹೊಸದು ಬೇಡ ಅನ್ನಲ್ಲ. ಹಳೆಯದು ಬೇಕಾದವರಿಗೆ ಸೆಟ್ಟಿಂಗ್ಸ್‌ನಲ್ಲಿ ಒಂದು ಆಯ್ಕೆ ಉಳಿಸೋಕೆ ಏನು ಕಷ್ಟ?

ಹೆಬ್ಬಾಳ ಕೋಡರ್: ಕಷ್ಟ ಇದೆ ಮೇಷ್ಟ್ರೇ. ಒಂದು ಆಯ್ಕೆ ಅಂದರೆ ಎರಡು ಥರದ ನಡವಳಿಕೆ, ಎರಡನ್ನೂ ಪರೀಕ್ಷೆ ಮಾಡಬೇಕು. ಅಂಥವು ಹತ್ತು ಸೇರಿದರೆ 1,024 ಜೋಡಣೆ ಆಗುತ್ತವೆ. ಯಾರು ಕೂತು ನೋಡ್ತಾರೆ? ಡೆಸ್ಕ್‌ಟಾಪ್ ಮೇಲಿನ ಐಕಾನ್‌ಗಳನ್ನು 2018ರ 3.28ರಲ್ಲಿ ತೆಗೆದಾಗಲೂ ಎಲ್ಲರೂ ಬೈದರು. ಆ ಕೋಡ್ ತೀರಾ ಹಳೆಯದು, ನಾಟಿಲಸ್ ಒಳಗೇ ಹೆಣೆದುಕೊಂಡಿತ್ತು, ನೋಡಿಕೊಳ್ಳುವವರಿರಲಿಲ್ಲ. ಉಳಿದ ಕೆಲಸಕ್ಕೂ ಅಡ್ಡ ಬರುತ್ತಿತ್ತು. ಗ್ನೋಮ್ ಬರೆಯುವವರಲ್ಲಿ ಎಷ್ಟೋ ಜನ ಸಂಬಳ ಇಲ್ಲದೆ ದುಡಿಯುವವರು. ಇನ್ನು ಒಳಗಿನ ಫೋಲ್ಡರ್‌ಗಳಲ್ಲಿ ಹುಡುಕುವುದನ್ನು ಪ್ರಿಫರೆನ್ಸಸ್‌ಗೆ ಹೋಗಿ ನಿಲ್ಲಿಸಬಹುದು.

ಮಂಡ್ಯ ಮೇಷ್ಟ್ರು: ನಿಲ್ಲಿಸಿದ್ದೇನಪ್ಪಾ. ಆದರೂ ಅದು ಹುಡುಕಾಟವೇ. ಮೊದಲು ‘10ಎ’ ಮೇಲೆ ನಿಂತಾಗ ಮೇಲೆ ಒಂಬತ್ತನೇ ತರಗತಿ ಕಾಣುತ್ತಿತ್ತು, ಬಾಣದ ಕೀಲಿ ಒತ್ತಿದರೆ ಅಲ್ಲಿಗೆ ಹೋಗಬಹುದಿತ್ತು. ಈಗ ಹೊಂದದ್ದೆಲ್ಲ ಮಾಯ. ಎಸ್ಕೇಪ್ ಒತ್ತಿ ವಾಪಸ್ ಬಂದು ಮತ್ತೆ ಶುರು ಮಾಡಬೇಕು. ದಿನವಿಡೀ ಅದೇ ಕೆಲಸ ಮಾಡುವ ನಮ್ಮ ಗುಮಾಸ್ತರಿಗೆ ಇದು ಸಣ್ಣ ವಿಷಯ ಅಲ್ಲ.

ಶ್ರೀರಂಗಪಟ್ಟಣದಿಂದ ಮಿಂಟ್: ಸುಮ್ನೆ ಯಾಕೆ ಒದ್ದಾಡ್ತೀರಿ ಸರ್? 2011ರಲ್ಲಿ ಗ್ನೋಮ್ 3 ಬಂದಾಗ ಸಿಟ್ಟಾದವರು ಬೈದು ಕೂರಲಿಲ್ಲ. ಹಳೇ ಗ್ನೋಮ್ 2 ಹಿಡಿದು ಮಾಟೆ ಅನ್ನೋ ಬೇರೆ ಡೆಸ್ಕ್‌ಟಾಪ್ ಕಟ್ಟಿದರು. ಲಿನಕ್ಸ್‌ನ ಇನ್ನೊಂದು ರೂಪವಾದ ಮಿಂಟ್‌ನವರು ಸಿನಮನ್ ಕಟ್ಟಿದರು. ಅದರ ಫೈಲ್ ಮ್ಯಾನೇಜರ್ ನೆಮೋ ಬಂದಿದ್ದೇ ನಾಟಿಲಸ್‌ನಿಂದ. ಅದರಲ್ಲಿ ಎಫ್3 ಇವತ್ತಿಗೂ ಕೆಲಸ ಮಾಡುತ್ತದೆ. ಹಾಕಿಸಿಕೊಳ್ಳಿ, ಮುಗೀತು.

ಹೆಬ್ಬಾಳ ಕೋಡರ್: ಅದನ್ನೇ ನಾನೂ ಹೇಳೋದು. ಬೇಡದಿದ್ದರೆ ಬೇರೆ ದಾರಿ ಇದೆ. ಇಲ್ಲಾಂದ್ರೆ ಎಕ್ಸ್‌ಟೆನ್ಶನ್ ಅನ್ನೋ ಸಣ್ಣ ಸೇರ್ಪಡೆ ಹಾಕಿಕೊಳ್ಳಬಹುದು.

ಮಂಡ್ಯ ಮೇಷ್ಟ್ರು: ಎಕ್ಸ್‌ಟೆನ್ಶನ್ ಮಾತು ಬೇಡಪ್ಪಾ. 2023ರಲ್ಲಿ ಗ್ನೋಮ್ 45 ಬಂದಾಗ ಕೋಡ್ ತುಣುಕುಗಳನ್ನು ಜೋಡಿಸುವ ಮಾಡ್ಯೂಲ್ ಪದ್ಧತಿಯನ್ನೇ ಬದಲಿಸಿದರು. ಗ್ನೋಮ್‌ನ ಮುಖ್ಯ ಪರದೆಯಾದ ಶೆಲ್‌ಗೆ ಅಲ್ಲೀತನಕ ಬಂದಿದ್ದ ಎಕ್ಸ್‌ಟೆನ್ಶನ್‌ಗಳನ್ನೆಲ್ಲ ತಿದ್ದಿ ಬರೆಯಬೇಕಾಯಿತು. ಬರೆಯುವವರು ಕೈಬಿಟ್ಟಿದ್ದರೆ ಅಲ್ಲಿಗೆ ಮುಗಿಯಿತು. ಮಿಂಟ್ ಒಳ್ಳೇದೇ, ಒಪ್ಪುತ್ತೇನೆ. ಆದರೆ ‘ಇಷ್ಟ ಇಲ್ಲದಿದ್ದರೆ ಬೇರೆ ಕಡೆ ಹೋಗಿ’ ಅನ್ನುವುದು ನನ್ನ ಪ್ರಶ್ನೆಗೆ ಉತ್ತರ ಅಲ್ಲ.

ಸರಸ್ವತಿಪುರಂ ಡಿಟಿಪಿ: ನಡುವೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ಕಿತ್ತು ಹಾಕಿದ್ದೆಲ್ಲ ತಪ್ಪು ಅಂತ ಮಾತ್ರ ಹೇಳಬೇಡಿ ಮೇಷ್ಟ್ರೇ. ನಾನು ದಿನಾ ಚಿತ್ರ ತಿದ್ದುವ ಗಿಂಪ್ ಬಳಸುವವಳು. 2012ರ 2.8ರಿಂದ ಅದರಲ್ಲಿ ಸೇವ್ ಅಂದರೆ ಗಿಂಪ್‌ನ ಸ್ವಂತ ಎಕ್ಸ್‌ಸಿಎಫ್ ಫೈಲ್ ಮಾತ್ರ. ಜೆಪೆಗ್ ಬೇಕಾದರೆ ಎಕ್ಸ್‌ಪೋರ್ಟ್ ಮಾಡಬೇಕು. ಅದಕ್ಕೂ ಬೈಗುಳ ಬಂತು. ಆದರೆ ನನ್ನ ಕೆಲಸಕ್ಕೆ ಅದೇ ಸರಿ. ಮದುವೆ ಪತ್ರಿಕೆ ಮಾಡುವಾಗ ಗಣಪತಿ ಒಂದು ಲೇಯರ್ (ಪದರ), ಹೆಸರು ಒಂದು ಲೇಯರ್, ಮುಹೂರ್ತ ಇನ್ನೊಂದು. ಜೆಪೆಗ್ ಆದರೆ ಎಲ್ಲ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಗಿರಾಕಿ ಸಂಜೆ ಬಂದು ‘ಛತ್ರ ಬದಲಾಯ್ತಕ್ಕಾ’ ಅಂದರೆ ಏನು ಮಾಡೋದು? ಎಕ್ಸ್‌ಸಿಎಫ್ ಇದ್ದರೆ ಆ ಸಾಲು ಮಾತ್ರ ತಿದ್ದಿ ಕೊಡ್ತೀನಿ. ಪಾಸ್‌ಪೋರ್ಟ್ ಫೋಟೋ ಮಾಡುವಾಗ ಮಾತ್ರ ಕಿರಿಕಿರಿ. ಎಕ್ಸ್‌ಪೋರ್ಟ್ ಮಾಡಿ ಮುಚ್ಚುವಾಗಲೂ ‘ಸೇವ್ ಮಾಡಿಲ್ಲ’ ಅಂತ ಕೇಳುತ್ತದೆ. ಆದರೂ ಗಿಂಪ್‌ನವರ ಜೊತೆ ನಾನಿದ್ದೇನೆ. ಕಾರಣ ಸರಿಯಾಗಿದೆ.

ಮಂಡ್ಯ ಮೇಷ್ಟ್ರು: ಅದು ಬೇರೆ ಅಕ್ಕಾ. ಅಲ್ಲಿ ಜೆಪೆಗ್ ಮಾಡುವುದನ್ನು ತೆಗೆದಿಲ್ಲ, ಬೇರೆ ಮೆನುಗೆ ಸರಿಸಿದ್ದಾರೆ ಅಷ್ಟೇ. ಲೇಯರ್ ಉಳಿಯಲಿ ಅನ್ನುವ ಕಾಳಜಿಯೂ ಕಾಣುತ್ತದೆ. ಗ್ನೋಮ್ ಥರದ್ದೇ ಇನ್ನೊಂದು ಡೆಸ್ಕ್‌ಟಾಪ್ ಕೆಡಿಇ ನೋಡಿ. ಅವರಲ್ಲಿ ಮೊದಲಿಂದ ಒಂದೇ ಕ್ಲಿಕ್‌ಗೆ ಫೈಲ್ ತೆರೆದುಕೊಳ್ಳುತ್ತಿತ್ತು. 2024ರ ಫೆಬ್ರವರಿಯಲ್ಲಿ ಬಂದ ಅವರ ಪ್ಲಾಸ್ಮಾ 6 ಆವೃತ್ತಿಯಲ್ಲಿ ಅದನ್ನು ಎರಡು ಕ್ಲಿಕ್‌ಗೆ ಬದಲಿಸಿದರು. ಒಂದೇ ಕ್ಲಿಕ್ ಬೇಕಾದವರಿಗೆ ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಆಯ್ಕೆ ಇದೆ. ನಾನು ಕೇಳುತ್ತಿರುವುದು ಇಷ್ಟೇ. ಹೊಸಬರಿಗೆ ಯಾವುದು ಸುಲಭವೋ ಅದನ್ನು ಮೊದಲೇ ಇಡಿ. ಹಳಬರ ಕೈ ಕಟ್ಟಬೇಡಿ.

ಹೆಬ್ಬಾಳ ಕೋಡರ್: ಕ್ಲಿಕ್ ವಿಷಯ ಒಪ್ಪಿದೆ. ಎರಡು ಫಲಕದ ಕಿಟಕಿಗೆ ಕೋಡ್ ಅದಕ್ಕಿಂತ ಎಷ್ಟೋ ಜಾಸ್ತಿ, ಅದನ್ನು ನೋಡಿಕೊಳ್ಳಲು ಜನ ಬೇಕು. ಅದರಲ್ಲಿ ನನ್ನ ಮಾತು ಬದಲಾಗಲ್ಲ. ‘10’ ಒತ್ತಿದರೆ ನೆಗೆಯುವುದು ಮಾತ್ರ ನಿಮ್ಮ ವಾದವೇ ಸರಿ ಅನ್ನಿಸುತ್ತಿದೆ. ಇನ್ನೊಂದು ಬೇಜಾರು ನನಗಿದೆ. ಗ್ನೋಮ್‌ನವರು ಕೋಡ್, ದೂರು ಎಲ್ಲ ಇಡುವ ಗಿಟ್‌ಲ್ಯಾಬ್ ತಾಣದಲ್ಲಿ ಚರ್ಚೆಯೆಲ್ಲ ಇಂಗ್ಲಿಷ್‌ನಲ್ಲೇ. ನಿಮ್ಮ ಗುಮಾಸ್ತರಂಥವರ ಮಾತು ಅಲ್ಲಿಗೆ ತಲುಪುವುದೇ ಇಲ್ಲ. ಅವರು ಕೆಲಸ ಮಾಡುವಾಗ ಪರದೆಯನ್ನು ರೆಕಾರ್ಡ್ ಮಾಡಿ ಕಳಿಸಿ, ಮಕ್ಕಳ ಹೆಸರು ಕಾಣದ ಹಾಗೆ. ಇಂಗ್ಲಿಷ್‌ನಲ್ಲಿ ನಾನು ಬರೆದು ಹಾಕ್ತೀನಿ.

ಮಂಡ್ಯ ಮೇಷ್ಟ್ರು: ಖಂಡಿತ ಕಳಿಸ್ತೀನಿ. ಬೈದಂತೆ ಮಾತ್ರ ಬರೀಬೇಡಪ್ಪಾ.

ಸರಸ್ವತಿಪುರಂ ಡಿಟಿಪಿ: ಪಾಸ್‌ಪೋರ್ಟ್ ಫೋಟೋದ್ದನ್ನೂ ಗಿಂಪ್‌ನವರಿಗೆ ಬರೆಯೋಣ ಅಲ್ವಾ? ಒಂದೇ ಲೇಯರ್ ಇದ್ದು ಎಕ್ಸ್‌ಪೋರ್ಟ್ ಆಗಿದ್ದರೆ ಕೇಳದೆ ಮುಚ್ಚಲಿ. ನಾನೂ ರೆಕಾರ್ಡ್ ಮಾಡಿ ಕಳಿಸ್ತೀನಿ.